ಹೊಲ, ಪ್ಲಾಟಿನ ತಕರಾರಿಗೆ ವಕೀಲರನ್ನು ಹಿಡಿಯುವುದು ಹೇಗೆ? ಕಲಬುರಗಿ ಕಡೆಯವರಿಗೆ ಒಂದು ಮಾರ್ಗದರ್ಶಿ

ಆಸ್ತಿ ತಕರಾರು ಬಂತು ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ: "ಒಳ್ಳೆ ವಕೀಲರು ಯಾರದಾರ್ರೀ?" ಹೆಸರುಗಳಿಗೇನೂ ಬರ ಇಲ್ಲ. ಭಾವನಿಗೆ ಪರಿಚಯ ಇರುವವರು ಒಬ್ಬರು, ಪಕ್ಕದೂರಿನ ಗೌಡರ ಕೇಸು ಗೆದ್ದವರು ಇನ್ನೊಬ್ಬರು, ಕೋರ್ಟಿನಲ್ಲಿ ಜೋರಾಗಿ ಮಾತಾಡುವವರು ಮತ್ತೊಬ್ಬರು. ಆದರೆ ಹೊಲ, ಮನೆ, ಪ್ಲಾಟಿನ ವ್ಯಾಜ್ಯ ಮಾತಿನ ಮೇಲೆ ನಿಲ್ಲುವುದು ಕಡಿಮೆ, ಕಾಗದದ ಮೇಲೆ ನಿಲ್ಲುವುದು ಜಾಸ್ತಿ. ಹಾಗಾಗಿ ನಿಮಗೆ ಬೇಕಾಗಿರುವುದು ಕಾಗದ ಓದುವ ವಕೀಲರು. ಅಂಥವರನ್ನು ಗುರುತಿಸಬೇಕು ಅಂದರೆ ಮೊದಲು ನಿಮ್ಮ ಕಾಗದ ನಿಮಗೇ ಸ್ವಲ್ಪ ಗೊತ್ತಿರಬೇಕು. ಅದಕ್ಕೇ ಈ ಲೇಖನದಲ್ಲಿ ವಕೀಲರು ಸ್ವಲ್ಪ ತಡವಾಗಿ ಬರುತ್ತಾರೆ.

1. ಮೊದಲು ಕಾಗದ ಕೂಡಿಸಿ

ಹೊಲದ ವಿಷಯವಾದರೆ ಪಹಣಿಯಿಂದ ಶುರು ಮಾಡಿ. ಈ ವರ್ಷದ್ದು ಒಂದೇ ಸಾಲದು. ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದಿದ್ದು 2000ದ ಆಸುಪಾಸು. ಅದಕ್ಕಿಂತ ಹಿಂದಿನ ಕೈಬರಹದ ಪಹಣಿಗಳು ತಹಶೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ. ಅರ್ಜಿ ಕೊಟ್ಟು ನಕಲು ತೆಗೆಸಬೇಕು.

ಪಹಣಿ ಕೈಗೆ ಬಂದರೆ ಎಲ್ಲರೂ ಹೆಸರು ಒಂದನ್ನು ನೋಡಿ ಮಡಚಿ ಇಡುತ್ತಾರೆ. ಮೂರು ಕಲಂ ಸರಿಯಾಗಿ ನೋಡಿ. ಕಲಂ 9ರಲ್ಲಿ ಮಾಲೀಕರ ಹೆಸರು, ಅದರ ಪಕ್ಕದಲ್ಲಿ ಒಂದು ಎಂ.ಆರ್. ಸಂಖ್ಯೆ ಇರುತ್ತದೆ. ಅದು ಮ್ಯುಟೇಶನ್ ಸಂಖ್ಯೆ, ಅಂದರೆ ಈ ಹೆಸರು ಇಲ್ಲಿಗೆ ಹೇಗೆ ಬಂತು ಅನ್ನುವುದರ ಬೇರು. ಆ ಮ್ಯುಟೇಶನ್ನಿನ ನಕಲು ತೆಗೆಸಿದರೆ ಅದು ಖರೀದಿಯೋ, ವಾರಸಾ ಹಕ್ಕೋ, ವಾಟ್ನಿಯೋ (ಪಾಲು ಹಂಚಿಕೆಯೋ) ಅಂತ ಗೊತ್ತಾಗುತ್ತದೆ. ಕಲಂ 11ರಲ್ಲಿ ಬೋಜಾ ಇರುತ್ತದೆ: ಬ್ಯಾಂಕ್ ಸಾಲ, ಸೊಸೈಟಿ ಸಾಲ, ಕೆಲವೊಮ್ಮೆ ಕೋರ್ಟಿನ ತಡೆಯಾಜ್ಞೆ. ಕಲಂ 12ರಲ್ಲಿ ಸಾಗುವಳಿ ಯಾರು ಮಾಡುತ್ತಿದ್ದಾರೆ ಅನ್ನುವುದು. ಕಲಂ 9ರಲ್ಲಿ ನಿಮ್ಮಪ್ಪನ ಹೆಸರಿದ್ದು, ಹಳೆಯ ಪಹಣಿಗಳ ಕಲಂ 12ರಲ್ಲಿ ವರ್ಷಗಟ್ಟಲೆ ಬೇರೆಯವರ ಹೆಸರಿದ್ದರೆ ನಿಮ್ಮ ಕೇಸಿನ ಅರ್ಧ ಜಗಳ ಅಲ್ಲೇ ಕೂತಿದೆ ಅಂತ ತಿಳಿಯಿರಿ.

ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳಿಗೆ ಇನ್ನೊಂದು ಗಂಟು ಇದೆ. ಬೆಂಗಳೂರು, ಮೈಸೂರಿನ ವಕೀಲರಿಗೆ ಇದರ ಅಂದಾಜೂ ಇರುವುದಿಲ್ಲ. 1948ರವರೆಗೆ ಇದು ನಿಜಾಮರ ರಾಜ್ಯ. 1956ರವರೆಗೆ ಹೈದರಾಬಾದ್ ರಾಜ್ಯ. ಹಾಗಾಗಿ ಹಳೆಯ ಸೇತ್ವಾರ್ (ಆ ಕಾಲದ ಸರ್ವೆ ದಾಖಲೆ), ಖಾಸ್ರಾ ಪಹಣಿ (ಆ ಕಾಲದ ಹೊಲವಾರು ಪಹಣಿ), ಇನಾಮಿನ ಕಾಗದ ಇವೆಲ್ಲ ಬಹಳ ಕಡೆ ಉರ್ದುವಿನಲ್ಲಿವೆ. 1954-55ರ ಖಾಸ್ರಾ ಪಹಣಿ ಇವತ್ತಿಗೂ ಕೋರ್ಟುಗಳಲ್ಲಿ ಹೊರಬರುತ್ತದೆ. ಮನೆಯ ಟ್ರಂಕಿನಲ್ಲಿ ಉರ್ದು ಕಾಗದ ಇದ್ದರೆ "ಓದಕ್ಕ ಬರಂಗಿಲ್ಲ" ಅಂತ ಬದಿಗಿಡಬೇಡಿ, ಲ್ಯಾಮಿನೇಶನ್ನೂ ಮಾಡಿಸಬೇಡಿ. ಹಿಂಬದಿಯ ಮೊಹರು, ಮಡಿಕೆ, ಕಾಗದದ ಗುಣ ಎಲ್ಲವನ್ನೂ ಮುಂದೆ ಯಾರಾದರೂ ಪರಿಶೀಲಿಸಬೇಕಾಗಬಹುದು. ಮೂಲವನ್ನು ಹಾಗೇ ಇಟ್ಟು, ಜೆರಾಕ್ಸ್ ಮಾಡಿಸಿ, ಉರ್ದು ಬಲ್ಲ ಹಿರಿಯರೊಬ್ಬರಿಂದ ಓದಿಸಿಕೊಳ್ಳಿ. ಕೋರ್ಟಿಗೆ ಕೊಡುವ ಅನುವಾದ ಬೇರೆ, ಅದನ್ನು ಆಮೇಲೆ ವಕೀಲರು ಮಾಡಿಸುತ್ತಾರೆ.

ಅಳತೆಯ ಜಗಳವಾದರೆ ಸರ್ವೆ ಇಲಾಖೆಯಿಂದ ಟಿಪ್ಪಣಿ (ಹೊಲದ ಅಳತೆಯ ನಕ್ಷೆ), ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ತೆಗೆಸಿ. ಪಕ್ಕದ ಹೊಲದವರು ಬಾಂದು ಕಿತ್ತಿದ್ದಾರೆ, ಒಡ್ಡು ಸರಿಸಿದ್ದಾರೆ ಅನ್ನುವ ಕೇಸುಗಳಲ್ಲಿ ಹದ್ದುಬಸ್ತು ಅಳತೆ (ಗಡಿ ಗುರುತಿಸುವ ಸರ್ಕಾರಿ ಅಳತೆ) ಮಾಡಿಸಿದ ಮೇಲೆ ಕೋರ್ಟಿಗೆ ಹೋಗುವ ಅಗತ್ಯವೇ ಬೀಳದಿರಬಹುದು. ಆ ಅಳತೆಗೆ ನೀವೇ ಅರ್ಜಿ ಕೊಡಬಹುದು, ವಕೀಲರು ಬೇಕಿಲ್ಲ.

ಪ್ಲಾಟ್, ಮನೆಯ ವಿಷಯವಾದರೆ ಖರೀದಿ ಪತ್ರ, ಅದಕ್ಕಿಂತ ಹಿಂದಿನ ಖರೀದಿ ಪತ್ರಗಳು, ಖಾತಾ, ತೆರಿಗೆ ರಸೀದಿ ಬೇಕು. ಜೊತೆಗೆ ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇ.ಸಿ. 2004ರಿಂದ ಈಚಿನದು ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಕಚೇರಿಗೇ ಹೋಗಬೇಕು.

ಇಷ್ಟೆಲ್ಲ ಕೂಡಿಸಿದ ಮೇಲೆ ಒಂದು ಹಾಳೆಯಲ್ಲಿ ವಂಶವೃಕ್ಷ ಬರೆಯಿರಿ. ಸತ್ತವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎರಡನೇ ಸಂಬಂಧದ ಮಕ್ಕಳು, ಎಲ್ಲರನ್ನೂ ಬರೆಯಿರಿ. ಮುಚ್ಚಿಟ್ಟರೆ ನಾಳೆ ಎದುರಿನವರು ತೆಗೆಯುತ್ತಾರೆ. ಇನ್ನೊಂದು ಹಾಳೆಯಲ್ಲಿ ತಾರೀಖಿನ ಪ್ರಕಾರ ಏನೇನಾಯಿತು ಅಂತ ಬರೆಯಿರಿ. ಎರಡು ಪುಟ ದಾಟಬೇಡಿ.

2. ನಿಮ್ಮ ತಕರಾರು ಯಾವ ಬಾಗಿಲಿನದು?

ಇದನ್ನು ಕೊನೆಗೆ ತೀರ್ಮಾನಿಸುವವರು ವಕೀಲರೇ. ಆದರೂ ಮೇಲುಮೇಲಾದರೂ ಗೊತ್ತಿದ್ದರೆ ಯಾರ ಹತ್ತಿರ ಹೋಗಬೇಕು ಅಂತ ತಿಳಿಯುತ್ತದೆ. ಎಷ್ಟೋ ಜನ ತಪ್ಪು ಬಾಗಿಲು ತಟ್ಟಿಯೇ ನಾಲ್ಕೈದು ವರ್ಷ ಕಳೆಯುತ್ತಾರೆ.

ಪಹಣಿಯಲ್ಲಿ ತಪ್ಪು ಹೆಸರು ಸೇರಿಸಿದ್ದಾರೆ, ನಿಮಗೆ ನೋಟಿಸ್ ಕೊಡದೆ ಮ್ಯುಟೇಶನ್ ಮಾಡಿದ್ದಾರೆ ಅಂದರೆ ಅದು ಕಂದಾಯದ ಬಾಗಿಲು. ತಹಶೀಲ್ದಾರರ ಮುಂದೆ ತಕರಾರು, ಅಲ್ಲಿಂದ ಸಹಾಯಕ ಆಯುಕ್ತರ ಹತ್ತಿರ ಮೇಲ್ಮನವಿ, ಆಮೇಲೆ ಜಿಲ್ಲಾಧಿಕಾರಿ. ಆದರೆ ಈ ಹೊಲ ನನ್ನದೋ ಅವನದೋ ಅನ್ನುವ ಮೂಲ ಪ್ರಶ್ನೆಯನ್ನು ಕಂದಾಯ ಅಧಿಕಾರಿಗಳು ತೀರ್ಮಾನಿಸುವಂತಿಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ. ಪಹಣಿಯಲ್ಲಿ ಹೆಸರು ಬಂದಿದ್ದಕ್ಕೇ ಯಾರೂ ಮಾಲೀಕರಾಗುವುದಿಲ್ಲ, ಹೆಸರು ಹೋದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ.

ಪಾಲು, ಹಕ್ಕು ಘೋಷಣೆ, ಕಬ್ಜಾ, ತಡೆಯಾಜ್ಞೆ, ಇಸಾರ (ಮುಂಗಡ) ಕೊಟ್ಟ ಮೇಲೆ ರಿಜಿಸ್ಟರ್ ಮಾಡಿಕೊಡದವರ ಮೇಲಿನ ದಾವೆ ಇವೆಲ್ಲ ಸಿವಿಲ್ ಕೋರ್ಟಿನವು. ಆಸ್ತಿ ಎಲ್ಲಿದೆಯೋ ಆ ಕೋರ್ಟಿನಲ್ಲೇ ದಾವೆ ಹಾಕಬೇಕು. ಚಿಂಚೋಳಿಯ ಹೊಲಕ್ಕೆ ಕಲಬುರಗಿಯಲ್ಲಿ ಮನೆ ಮಾಡಿರುವ ನೀವು ಕಲಬುರಗಿಯಲ್ಲೇ ದಾವೆ ಹಾಕುತ್ತೇನೆ ಅಂದರೆ ನಡೆಯುವುದಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನುಮತಿ ಇಲ್ಲದೆ ಮಾರಾಟವಾಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಸಹಾಯಕ ಆಯುಕ್ತರ ಮುಂದೆ ಅರ್ಜಿ. ವಕ್ಫ್ ಆಸ್ತಿ ಅನ್ನುವ ಪ್ರಶ್ನೆ ಎದ್ದರೆ ವಕ್ಫ್ ನ್ಯಾಯಮಂಡಳಿ. ಲೇಔಟ್ ಮಾಡಿದವರು ದುಡ್ಡು ತಗೊಂಡು ಪ್ಲಾಟ್ ಕೊಡುತ್ತಿಲ್ಲ, ಫ್ಲ್ಯಾಟ್ ಮುಗಿಸುತ್ತಿಲ್ಲ ಅಂದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ). 500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದ ಲೇಔಟು ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಕಟ್ಟಡ ಅಲ್ಲಿ ನೋಂದಣಿಯಾಗಿರಬೇಕು. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು.

ಮತ್ತೆ ಪೊಲೀಸ್ ಸ್ಟೇಷನ್? ಹೊಡೆದಾಟ, ಖೊಟ್ಟಿ ಸಹಿ, ಬೆದರಿಕೆ ಇದ್ದರೆ ಹೋಗಲೇಬೇಕು. ಆದರೆ ಸ್ಟೇಷನ್ನಿನಲ್ಲಿ ಎರಡೂ ಕಡೆಯವರನ್ನು ಕೂಡಿಸಿ ಹೊಲದ ಪಾಲು ಬರೆಸುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಅಲ್ಲಿ ಒತ್ತಡಕ್ಕೆ ಹಾಕಿದ ಸಹಿ ಮುಂದೆ ಹೊಸ ಕೇಸಿಗೆ ದಾರಿ ಮಾಡುತ್ತದೆ, ಅಷ್ಟೇ.

3. ದಿನ ಲೆಕ್ಕ ಹಾಕಿ

ವಕೀಲರನ್ನು ಹುಡುಕುವುದರಲ್ಲೇ ಅವಧಿ ಕಳೆದುಕೊಂಡವರು ಬಹಳ ಮಂದಿ. ಕೆಲವು ಗಡುವು ತಲೆಯಲ್ಲಿರಲಿ. ಇಸಾರ ಕರಾರಿನ ಮೇಲೆ ರಿಜಿಸ್ಟರ್ ಮಾಡಿಸಿಕೊಳ್ಳುವ ದಾವೆಗೆ 3 ವರ್ಷ, ಅದೂ ಕರಾರಿನಲ್ಲಿ ಬರೆದ ತಾರೀಖಿನಿಂದ. ತಾರೀಖು ಬರೆದಿಲ್ಲದಿದ್ದರೆ ಎದುರಿನವರು ಮಾಡಿಕೊಡಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ. ಹಕ್ಕು ಘೋಷಣೆಯ ದಾವೆಗೂ 3 ವರ್ಷ. ಮಾಲೀಕತ್ವದ ಮೇಲೆ ಕಬ್ಜಾ ವಾಪಸ್ ಪಡೆಯುವುದಕ್ಕೆ 12 ವರ್ಷ. ಸರ್ಕಾರದ ಮೇಲೆ ದಾವೆ ಹಾಕಬೇಕಾದರೆ ಸಾಮಾನ್ಯವಾಗಿ 2 ತಿಂಗಳ ನೋಟಿಸ್ ಕೊಟ್ಟಿರಬೇಕು.

ನಿಮ್ಮ ಮನೆಗೇ ಕೋರ್ಟಿನ ಸಮನ್ಸ್ ಬಂದಿದೆಯಾ? ಹಾಗಾದರೆ ಈ ಲೇಖನ ಅರ್ಧಕ್ಕೇ ಬಿಟ್ಟು ಮೊದಲು ವಕೀಲರ ಹತ್ತಿರ ಹೋಗಿ. ಲಿಖಿತ ಉತ್ತರಕ್ಕೆ 30 ದಿನ. ಕೋರ್ಟು ಒಪ್ಪಿದರೆ 90 ದಿನದವರೆಗೆ. ಸಮನ್ಸ್ ತಗೊಳ್ಳದೆ ಬೇಲಿಫ್‌ನನ್ನು ವಾಪಸ್ ಕಳಿಸಿದರೆ ಕೇಸು ನಿಲ್ಲುವುದಿಲ್ಲ, ನೀವಿಲ್ಲದೆಯೇ ನಡೆಯುತ್ತದೆ. ವಕೀಲರಿಂದ ಬರುವ ಲೀಗಲ್ ನೋಟಿಸ್ ಬೇರೆ. ಅದು ಕೋರ್ಟಿನದಲ್ಲ, ಆದರೂ ಉತ್ತರ ಕೊಡುವುದೇ ಒಳ್ಳೆಯದು.

ಎದುರಿನವರು ಸ್ಟೇ ತರುತ್ತಾರೆ ಅನ್ನುವ ಅನುಮಾನ ಇದ್ದರೆ ಮೊದಲೇ ಕೇವಿಯಟ್ ಹಾಕಿಸಿ. 90 ದಿನ ನಡೆಯುತ್ತದೆ. ಅಷ್ಟರೊಳಗೆ ನಿಮ್ಮ ಮಾತು ಕೇಳದೆ ಆದೇಶ ಆಗದಂತೆ ನೋಡಿಕೊಳ್ಳಬಹುದು.

4. ಹೆಸರು ಹುಡುಕುವುದು

ತಾಲೂಕಿನ ಕೇಸಿಗೆ ತಾಲೂಕಿನ ವಕೀಲರೇ ಸಾಕು, ಎಷ್ಟೋ ಸಲ ಅವರೇ ವಾಸಿ. ಆಳಂದದ ಹೊಲಕ್ಕೆ ಆಳಂದದ ಬಾರ್ (ವಕೀಲರ ಸಂಘ), ಸುರಪುರದ ಮನೆಗೆ ಸುರಪುರದ ಬಾರ್. ಆ ಕೋರ್ಟಿನ ರೂಢಿ, ಆ ತಹಶೀಲ್ ಕಚೇರಿಯ ರೆಕಾರ್ಡು, ಆ ಊರಿನ ಸರ್ವೆ ನಂಬರುಗಳ ಹಳೆ ಕತೆ ಅವರಿಗೆ ಗೊತ್ತಿರುತ್ತದೆ. ಜಿಲ್ಲಾ ಕೇಂದ್ರದಿಂದ ದೊಡ್ಡ ಹೆಸರಿನವರನ್ನು ಕರೆಸಿದರೆ ಪ್ರತಿ ಪೇಶಿಗೆ ಅವರ ಜೂನಿಯರ್ ಬಂದು ತಾರೀಖು ತಗೊಂಡು ಹೋಗುವುದೇ ಜಾಸ್ತಿ.

ಹೈಕೋರ್ಟಿನ ಮಾತು ಬೇರೆ. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದರಿಂದ ಬೀದರ್, ಯಾದಗಿರಿಯವರಿಗೂ ಬೆಂಗಳೂರಿನ ದಾರಿ ತಪ್ಪಿತು. ಅಲ್ಲಿ ಎರಡನೇ ಮೇಲ್ಮನವಿ ನಡೆಸುವುದು ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ನಡೆಸುವ ಕೆಲಸದಂಥದ್ದಲ್ಲ. ಅಲ್ಲಿ ಮುಖ್ಯವಾದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಕೇಸು ನಿಲ್ಲುತ್ತದೆ. ಅದಕ್ಕೆ ಹೈಕೋರ್ಟಿನಲ್ಲೇ ಕೆಲಸ ಮಾಡುವವರು ಬೇಕು.

ಹೆಸರು ಯಾರನ್ನು ಕೇಳಬೇಕು? ಗೆದ್ದವರನ್ನು ಕೇಳಬೇಡಿ, ಗೆದ್ದವರಿಗೆ ತಮ್ಮ ವಕೀಲರು ದೇವರು. ಬ್ಯಾಂಕಿನ ಸಾಲದ ಫೈಲುಗಳಿಗೆ ಕಾನೂನು ಅಭಿಪ್ರಾಯ ಬರೆಯುವವರು ಯಾರು ಅಂತ ವಿಚಾರಿಸಿ, ಅವರು ದಿನಾ ದಾಖಲೆ ಓದುವವರು. ಹಳೆಯ ಪತ್ರ ಬರಹಗಾರರನ್ನು ಕೇಳಿ. ಕ್ರಿಮಿನಲ್ ಕೇಸುಗಳನ್ನಷ್ಟೇ ನಡೆಸುವ ವಕೀಲರನ್ನು "ನಿಮ್ಮ ಮನೆಯ ಆಸ್ತಿ ಕೇಸಾದರೆ ಯಾರಿಗೆ ಕೊಡ್ತೀರಿ?" ಅಂತ ಕೇಳಿ. ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಜಾಹೀರಾತು ನೋಡಿ ಹೋಗಬೇಡಿ. ವಕೀಲರು ಜಾಹೀರಾತು ಮಾಡಿ ಕೇಸು ಕರೆಯುವಂತಿಲ್ಲ ಅಂತ ವಕೀಲರನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ನಿಯಮವೇ ಇದೆ. ಕೋರ್ಟ್ ಗೇಟಿನಲ್ಲಿ ಕೈ ಹಿಡಿದು "ಬರ್ರಿ ಅಣ್ಣಾ, ನಮ್ ಸಾಹೇಬ್ರು ಅದಾರ" ಅನ್ನುವವರಿಂದ ದೂರ ಇರಿ.

ಎರಡು ಮೂರು ಹೆಸರು ಸಿಕ್ಕ ಮೇಲೆ ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ವಕೀಲರ ಹೆಸರಿನ ಮೇಲೂ ಕೇಸು ಹುಡುಕಬಹುದು. ಅವರ ಕೇಸುಗಳಲ್ಲಿ ಓ.ಎಸ್., ಆರ್.ಎ. ಅಂತ ಶುರುವಾಗುವವು ಎಷ್ಟಿವೆ ನೋಡಿ. ಓ.ಎಸ್. ಅಂದರೆ ಮೂಲ ದಾವೆ, ಆರ್.ಎ. ಅಂದರೆ ಮೇಲ್ಮನವಿ. ಸಿವಿಲ್ ಕೆಲಸ ಮಾಡುವವರೋ ಅಲ್ಲವೋ ಗೊತ್ತಾಗುತ್ತದೆ. ಎಷ್ಟು ಗೆದ್ದಿದ್ದಾರೆ ಅಂತ ಎಣಿಸಲು ಕೂರಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ, ವಕಾಲತ್ತಿನ (ವಕೀಲರಿಗೆ ನೀವು ಅಧಿಕಾರ ಕೊಡುವ ಹಾಳೆಯ) ಮೇಲೆ ಹೇಗೂ ಬರೆಯಲೇಬೇಕು.

ದುಡ್ಡಿಲ್ಲದವರಿಗೂ ದಾರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಸಹಾಯವಾಣಿ 15100. ತವರಿನ ಆಸ್ತಿಯಲ್ಲಿ ಪಾಲು ಕೇಳಬೇಕು, ಕೈಯಲ್ಲಿ ಕಾಸಿಲ್ಲ ಅನ್ನುವ ಅಕ್ಕ ತಂಗಿಯರು ಇದನ್ನು ಬಿಡಬಾರದು.

5. ಮೊದಲ ಭೇಟಿ: ಅವರು ಏನು ಕೇಳುತ್ತಾರೆ ಕೇಳಿಸಿಕೊಳ್ಳಿ

ನೀವು ವಕೀಲರನ್ನು ಪರೀಕ್ಷೆ ಮಾಡಲು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋಗಬೇಕಿಲ್ಲ. ಅವರ ಪ್ರಶ್ನೆಗಳೇ ಸಾಕು. ಒಳ್ಳೆಯ ಸಿವಿಲ್ ವಕೀಲರ ಆಫೀಸಿನಲ್ಲಿ ಮಾತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ:

"ಕುಂದರ್ರಿ. ಪೇಪರ್ ಏನೇನ್ ತಂದೀರಿ?"

"ಪಹಣಿ ಅದ ಸಾಹೇಬ್ರೆ. ಖರೀದಿ ಪತ್ರ ನಮ್ ಕಾಕಾನ ಕಡೆ ಅದ."

"ಹೊಲ ಖರೀದಿ ಮಾಡಿದ್ದು ಯಾರು? ನಿಮ್ ತಂದಿನಾ, ಅಜ್ಜನಾ?"

"ಅಜ್ಜ ರೀ."

"ಅಜ್ಜಗ ಹೆಣ್ಮಕ್ಳು ಎಷ್ಟ್ ಮಂದಿ?"

"ಇಬ್ರು ಅತ್ತೆಂದಿರು ಅದಾರ್ರೀ. ಅವರೇನ್ ಕೇಳಂಗಿಲ್ಲ ಬಿಡ್ರಿ."

"ಕೇಳ್ಲಿ ಬಿಡ್ಲಿ, ದಾವಾದಾಗ ಅವರ ಹೆಸರು ಹಾಕ್ಲೇಬೇಕು. ಈಗ ಹೊಲ ಯಾರ್ ಬಿತ್ತಾರ?"

ನಾಲ್ಕೇ ಪ್ರಶ್ನೆ. ಆದರೆ ಕೇಸಿನ ಬುಡ ಅಲ್ಲಿದೆ. ಹೊಲ ಅಜ್ಜ ಸ್ವಂತ ದುಡಿದು ಕೊಂಡಿದ್ದೋ, ಹಿರಿಯರಿಂದ ಬಂದಿದ್ದೋ ಅನ್ನುವುದರ ಮೇಲೆ ಪಾಲಿನ ಲೆಕ್ಕ ಬದಲಾಗುತ್ತದೆ. ಸ್ವಂತ ಆಸ್ತಿಯಾಗಿ ಅಜ್ಜ ಉಯಿಲು ಬರೆಯದೆ 1956ರ ನಂತರ ತೀರಿಕೊಂಡಿದ್ದರೆ ಗಂಡು ಹೆಣ್ಣು ಮಕ್ಕಳಿಗೆಲ್ಲ ಸಮಪಾಲು. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ಆ ದಿನ ತಂದೆ ಬದುಕಿರಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಮಾರಾಟ, ವಾಟ್ನಿಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಅತ್ತೆಂದಿರನ್ನು ಬಿಟ್ಟು ಹಾಕಿದ ಪಾಲಿನ ದಾವೆ ಆ ಒಂದೇ ಕಾರಣಕ್ಕೆ ಬೀಳಬಹುದು. ಇನ್ನು ಹೊಲ ಯಾರು ಬಿತ್ತುತ್ತಾರೆ ಅಂತ ಕೇಳಿದ್ದು ಕೋರ್ಟ್ ಫೀಗೂ ಸೇರಿದ ಮಾತು. ಜಂಟಿ ಕಬ್ಜಾದಲ್ಲಿದ್ದರೆ ಸಣ್ಣ ನಿಗದಿತ ಫೀ. ನಿಮ್ಮನ್ನು ಹೊರಗೆ ಹಾಕಿದ್ದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಫೀ.

ಕಾಗದ ನೋಡದೆ "ಆಗ್ತದ, ನಾ ನೋಡ್ಕೋತೀನಿ, ಸ್ಟೇ ತರ್ತೀನಿ" ಅಂದವರ ಆಫೀಸಿನಿಂದ ಚಹಾ ಕುಡಿದು ಎದ್ದು ಬನ್ನಿ. ಜಡ್ಜ್ ಪರಿಚಯ ಇದ್ದಾರೆ ಅಂದರೆ ಚಹಾನೂ ಬೇಡ.

ನೀವು ಕೇಳಲೇಬೇಕಾದ್ದು ಎರಡು. ನನ್ನ ಕೇಸಿನಲ್ಲಿ ಕಮ್ಮಿ ಇರುವುದು ಏನು? ಮತ್ತು ಎದುರಿನ ವಕೀಲರು ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಇವಕ್ಕೆ ನೇರ ಉತ್ತರ ಕೊಡುವವರು ಸಿಕ್ಕರೆ ವಯಸ್ಸು ನೋಡಬೇಡಿ. 30 ವರ್ಷದ ಅನುಭವ ಇದ್ದವರೂ ಫೈಲು ತೆರೆಯದೆ ಕೋರ್ಟಿಗೆ ಹೋಗುವುದುಂಟು, 8 ವರ್ಷದ ಅನುಭವದವರು ರಾತ್ರಿ ಕೂತು ಓದುವುದುಂಟು. ಎದುರಿನವರು ಅದೇ ವಕೀಲರ ಸಲಹೆ ಮೊದಲೇ ಪಡೆದಿದ್ದಾರೆಯೇ ಅಂತಲೂ ವಿಚಾರಿಸಿ. ಚಿಕ್ಕ ಊರುಗಳಲ್ಲಿ ಇದು ಆಗುತ್ತದೆ. ಒಂದು ಕಡೆಯವರಿಗೆ ಸಲಹೆ ಕೊಟ್ಟವರು ಅದೇ ವಿಷಯದಲ್ಲಿ ಇನ್ನೊಂದು ಕಡೆ ನಿಲ್ಲುವಂತಿಲ್ಲ.

6. ತಕರಾರು ಇಲ್ಲ, ಕೊಳ್ಳಬೇಕಷ್ಟೇ ಅನ್ನುವವರಿಗೆ

ನಿಜ ಹೇಳಬೇಕೆಂದರೆ ವಕೀಲರಿಗೆ ಕೊಡುವ ದುಡ್ಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿ ಕೊಟ್ಟಿದ್ದು. ರಿಂಗ್ ರೋಡಿನ ಆಚೆ, ಸೇಡಂ ರೋಡು, ಹುಮನಾಬಾದ್ ರೋಡು ಎಲ್ಲಿ ನೋಡಿದರೂ ಬಿಳಿ ಕಲ್ಲು ನೆಟ್ಟ ಪ್ಲಾಟುಗಳು. "ಎನ್.ಎ. ಆಗಿದೆ" ಅಂತ ಏಜೆಂಟರು ಹೇಳುತ್ತಾರೆ. ಎನ್.ಎ. ಆಗುವುದು ಅಂದರೆ ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಆಗಿರುವುದು. ಅದಾದ ಮಾತ್ರಕ್ಕೆ ಲೇಔಟ್ ನಕ್ಷೆ ಮಂಜೂರಾಗಿದೆ ಅಂತಲ್ಲ. ಎರಡೂ ಆದೇಶ ಬೇರೆ ಬೇರೆ ಕೇಳಿ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನಾದರೆ 15 ವರ್ಷ ಮಾರುವಂತಿರಲಿಲ್ಲ, ಆ ಅವಧಿಯಲ್ಲಿ ಕೈ ಬದಲಾಗಿದೆಯೇ ನೋಡಿಸಿ. ಜಿ.ಪಿ.ಎ. (ಮಾಲೀಕರು ಬರೆದುಕೊಟ್ಟ ಸಾಮಾನ್ಯ ಅಧಿಕಾರ ಪತ್ರ) ಮೇಲೆ ಮಾರಾಟ ಅಂದರೆ ಹಿಂದೆ ಸರಿಯಿರಿ. ಬರೀ ಜಿ.ಪಿ.ಎ.ಯಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಸಣ್ಣ ಬಾಂಡ್ ಪೇಪರ್ ಮೇಲೆ ಕರಾರು ಬರೆದು, ಅದೇ ದಿನ ಕಬ್ಜಾನೂ ಕೊಟ್ಟುಬಿಡುವ ರೂಢಿ ನಮ್ಮಲ್ಲಿದೆ. ಕಬ್ಜಾ ಕೊಟ್ಟ ಕರಾರಿಗೆ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ. ನಾಳೆ ಅದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಒಪ್ಪಬೇಕಾದರೆ ಕಮ್ಮಿ ಬಿದ್ದ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು. ಕರಾರು ಬರೆಸುವ ಮುಂಚೆ ವಕೀಲರಿಗೆ ತೋರಿಸಿದ್ದರೆ ಒಂದು ಸಾಲಿನಲ್ಲಿ ಮುಗಿಯುವ ಮಾತು ಇದು.

ಅಭಿಪ್ರಾಯವನ್ನು ಬಾಯಲ್ಲಿ ಕೇಳಬೇಡಿ, ಬರಹದಲ್ಲಿ ತಗೊಳ್ಳಿ. ಮಾರುವವರೇ ತೋರಿಸಿದ ವಕೀಲರಿಂದ ಬೇಡ.

7. ಫೀ ಮಾತು

ನಾಚಿಕೆ ಬಿಟ್ಟು ಮೊದಲ ದಿನವೇ ಮಾತಾಡಿ. ಒಟ್ಟು ಫೀ ಎಷ್ಟು, ಯಾವ ಹಂತದಲ್ಲಿ ಎಷ್ಟು, ಪ್ರತಿ ಪೇಶಿಗೆ ಬೇರೆ ಕೊಡಬೇಕಾ? ಕೋರ್ಟ್ ಫೀ, ಸಮನ್ಸ್ ಖರ್ಚು, ನಕಲು, ಟೈಪಿಂಗ್, ಗುಮಾಸ್ತರ ಖರ್ಚು ಇದರಲ್ಲಿ ಸೇರಿದೆಯಾ? ಕೋರ್ಟ್ ಕಮಿಷನರ್ ಸ್ಥಳ ನೋಡಲು ಬಂದರೆ ಅವರ ಫೀ ಯಾರದು? ಇದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಾದರೂ ಬರೆದುಕೊಳ್ಳಿ. ದುಡ್ಡು ಕೊಟ್ಟಾಗ ರಸೀದಿ ಕೇಳಿ, ಕೊಡದಿದ್ದರೆ ಫೋನ್‌ಪೇ ಮಾಡಿ, ಲೆಕ್ಕ ಉಳಿಯುತ್ತದೆ.

"ಗೆದ್ದರೆ ಎರಡು ಎಕರೆ ನನಗ ಬರ್ಕೊಡ್ರಿ", "ಪರಿಹಾರದಾಗ ಇಷ್ಟು ಪರ್ಸೆಂಟ್ ಕೊಡ್ರಿ" ಅನ್ನುವ ಒಪ್ಪಂದ ನಿಯಮಕ್ಕೆ ವಿರುದ್ಧ. ಕೇಸಿನ ಫಲದ ಮೇಲೆ ಫೀ ಗೊತ್ತು ಮಾಡುವಂತಿಲ್ಲ, ಬಂದದ್ದರಲ್ಲಿ ಪಾಲು ಕೇಳುವಂತಿಲ್ಲ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮದಲ್ಲೇ ಇದೆ. ಮುಳುಗಡೆ, ಭೂಸ್ವಾಧೀನದ ಪರಿಹಾರದ ಕೇಸುಗಳಲ್ಲಿ ಇಂಥ ಮಾತು ಹೆಚ್ಚು ಕೇಳಿಬರುತ್ತದೆ. ಈಗ ಕೈಯಿಂದ ಏನೂ ಹೋಗುವುದಿಲ್ಲವಲ್ಲ ಅಂತ ರೈತರು ಒಪ್ಪಿಬಿಡುತ್ತಾರೆ. ಆಮೇಲೆ ಚೆಕ್ ಬಂದ ದಿನ ಜಗಳ.

8. ವಕಾಲತ್ತಿಗೆ ಸಹಿ

ಅಚ್ಚಾದ ವಕಾಲತ್ತು ಹಾಳೆಯನ್ನು ಒಮ್ಮೆ ಓದಿ. ರಾಜಿ ಮಾಡುವ, ದಾವೆ ವಾಪಸ್ ಪಡೆಯುವ, ನಿಮ್ಮ ಪರವಾಗಿ ಹಣ ತೆಗೆದುಕೊಳ್ಳುವ ಅಧಿಕಾರ ಎಲ್ಲ ಅದರಲ್ಲಿ ಬರೆದಿರುತ್ತದೆ. ರಾಜಿಗೆ ನನ್ನನ್ನು ಕೇಳದೆ ಸಹಿ ಮಾಡಬಾರದು ಅಂತ ಬಾಯಿಬಿಟ್ಟು ಹೇಳಿ. ಖಾಲಿ ಹಾಳೆಗೆ, ಖಾಲಿ ಬಾಂಡಿಗೆ ಸಹಿ ಬೇಡ. ಮೂಲ ಕಾಗದ ಕೊಡಬೇಕಾಗಿ ಬಂದರೆ ಏನೇನು ಕೊಟ್ಟಿರಿ ಅಂತ ಪಟ್ಟಿ ಮಾಡಿ ಅದರ ಮೇಲೆ ಅವರ ಸಹಿ ತಗೊಳ್ಳಿ.

9. ರಾಜಿಯ ಮಾತು ಎತ್ತುವ ವಕೀಲರ ಮೇಲೆ ಸಿಟ್ಟಾಗಬೇಡಿ

ಗೆದ್ದವ ಸೋತ, ಸೋತವ ಸತ್ತ ಅಂತ ಹಿರಿಯರು ಅಂದಿದ್ದು ಸುಮ್ನೆ ಅಲ್ಲ. ಅಣ್ಣ ತಮ್ಮಂದಿರ ಪಾಲಿನ ಕೇಸುಗಳಲ್ಲಿ ಮಧ್ಯಸ್ಥಿಕೆ, ಲೋಕ ಅದಾಲತ್ ನಿಜಕ್ಕೂ ಕೆಲಸ ಮಾಡುತ್ತವೆ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ನಿಯಮದ ಪ್ರಕಾರ ವಾಪಸ್ ಬರುತ್ತದೆ. ಅಪೀಲು ಇಲ್ಲ ಅನ್ನುವುದಕ್ಕೇ ಹುಷಾರು: ರಾಜಿ ಅರ್ಜಿಯಲ್ಲಿ ಸರ್ವೆ ನಂಬರ್, ಎಕರೆ, ಗುಂಟೆ, ಚೆಕ್ಕುಬಂದಿ, ಬಾವಿ, ದಾರಿ ಎಲ್ಲ ಸರಿಯಾಗಿ ಬರೆದಿದೆಯಾ ಅಂತ ನೀವೇ ಓದಿ. ದಾರಿ ಬರೆಯುವುದನ್ನು ಮರೆತ ರಾಜಿಗಳು ಮುಂದಿನ ಬಿತ್ತನೆಗೇ ಒಡೆಯುತ್ತವೆ.

ಊರ ಪಂಚರ ಮುಂದೆ ಆದ ವಾಟ್ನಿ ಇದ್ದರೆ ಆ ಕಾಗದವನ್ನೂ ವಕೀಲರಿಗೆ ತೋರಿಸಿ. ಅದನ್ನು ಯಾವ ರೀತಿ ಬರೆದಿದ್ದಾರೆ, ರಿಜಿಸ್ಟರ್ ಆಗಬೇಕಿತ್ತೇ ಅನ್ನುವುದರ ಮೇಲೆ ಅದರ ಬೆಲೆ ನಿಲ್ಲುತ್ತದೆ.

10. ಕೇಸು ನಡೆಯುವಾಗ, ವಕೀಲರನ್ನು ಬದಲಿಸಬೇಕಾದಾಗ

ದಾವೆ ದಾಖಲಾದ ಮೇಲೆ 16 ಅಂಕಿ ಅಕ್ಷರದ ಸಿ.ಎನ್.ಆರ್. ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನ ತಾರೀಖು, ಆದೇಶ ಎಲ್ಲ ಆ್ಯಪ್‌ನಲ್ಲೇ ಕಾಣುತ್ತದೆ. "ಇವತ್ತ ಏನಾಯ್ತ್ರಿ?" ಅಂತ ದಿನಾ ಫೋನ್ ಮಾಡಿ ಪೀಡಿಸಬೇಡಿ. ಆದರೆ ದಾವೆಯ ಪ್ರತಿ, ಎದುರಿನವರ ಉತ್ತರದ ಪ್ರತಿ ನಿಮ್ಮ ಮನೆಯಲ್ಲೂ ಇರಲಿ, ಓದಿ ನೋಡಿ. ಸರ್ವೆ ನಂಬರ್ ತಪ್ಪಿದ್ದರೆ ಅದನ್ನು ಮೊದಲು ಹಿಡಿಯುವವರು ಹೊಲ ಕಂಡ ನೀವೇ.

ಸತತವಾಗಿ ಕೋರ್ಟಿಗೆ ಬರುವುದಿಲ್ಲ, ಸಾಕ್ಷಿಗೆ ತಯಾರಿ ಮಾಡಿಸುವುದಿಲ್ಲ ಅಂದರೆ ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಬಾಕಿ ಲೆಕ್ಕ ಮುಗಿಸಿ ಎನ್.ಓ.ಸಿ. (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಗೊಂಡರೆ ಸಲೀಸು. ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಫೀ ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಅಧಿಕಾರ ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ದುರ್ನಡತೆಯ ದೂರು ರಾಜ್ಯ ಬಾರ್ ಕೌನ್ಸಿಲ್‌ಗೆ. ಗ್ರಾಹಕರ ಕೋರ್ಟಿಗೆ ಹೋಗಲಾಗುವುದಿಲ್ಲ. ವಕೀಲರ ಸೇವೆ ಆ ಕಾಯ್ದೆಯಡಿ ಬರುವುದಿಲ್ಲ ಅಂತ 2024ರಲ್ಲಿ ತೀರ್ಪಾಗಿದೆ.

11. ಡಿಕ್ರಿ ಆದ ಮೇಲೆ

ಇದನ್ನು ಮೊದಲ ದಿನದ ಫೀ ಮಾತಿನಲ್ಲೇ ಸೇರಿಸಿ. ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಅಂತ ಮಾತ್ರ. ಹೊಲ ಕೈಗೆ ಬರಬೇಕಾದರೆ ಮುಂದಿನ ಹಂತ ಬೇರೆ ಇದೆ. ಕಂದಾಯ ಕಟ್ಟುವ ಜಮೀನಾದರೆ ಹಂಚುವುದು ಕೋರ್ಟೇ, ಬೇಕಾದರೆ ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿ ಅಥವಾ ಕಮಿಷನರ್ ಕಡೆಯಿಂದ ವರದಿ ತರಿಸಿಕೊಳ್ಳುತ್ತದೆ. ಮನೆ, ಪ್ಲಾಟಾದರೆ ಕೋರ್ಟ್ ಕಮಿಷನರ್ ಮೂಲಕ. ಕಬ್ಜಾದ ಡಿಕ್ರಿಯನ್ನು ಎದುರಿನವರು ಪಾಲಿಸದಿದ್ದರೆ 12 ವರ್ಷದೊಳಗೆ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ) ಅರ್ಜಿ ಹಾಕಬೇಕು. ಆ ಕೆಲಸ ಇದೇ ಫೀಯಲ್ಲಿ ಮಾಡುತ್ತಾರೋ, ಬೇರೆ ತಗೊಳ್ಳುತ್ತಾರೋ ಕೇಳಿಟ್ಟುಕೊಳ್ಳಿ. ಡಿಕ್ರಿಯ ದೃಢೀಕೃತ ನಕಲು ಸಿಕ್ಕ ಕೂಡಲೇ ತಹಶೀಲ್ ಕಚೇರಿಯಲ್ಲಿ ಮ್ಯುಟೇಶನ್‌ಗೆ ಅರ್ಜಿ ಕೊಡಿ. ಡಿಕ್ರಿ ಪೆಟ್ಟಿಗೆಯಲ್ಲಿದ್ದು ಪಹಣಿಯ ಕಲಂ 9ರಲ್ಲಿ ಸೋತವರ ಹೆಸರೇ ಇದ್ದರೆ, ಅವರು ಅದನ್ನು ತೋರಿಸಿ ಮತ್ತೊಬ್ಬರಿಗೆ ಮಾರಲು ಅಡ್ಡಿ ಏನೂ ಕಾಣುವುದಿಲ್ಲ.